ಮೂಗಿಗಿಂತ ಮೂಗುತಿ ಭಾರ

ಕಳೆದ ನವೆಂಬರಿನಲ್ಲಿ ನಮ್ಮ ಸಂಘದ ಯುವಕ ವಿಭಾಗದವರು ರಾಜ್ಯೋತ್ಸವದ ಅಂಗವಾಗಿ ಮೋಟಾರ್ ಸೈಕಲ್ ಮೆರವಣಿಗೆ ನಡೆಸಿದ್ದು ಸದಸ್ಯರೆಲ್ಲರ ನೆನಪಿನಲ್ಲಿರಬಹುದು. ಮೆರವಣಿಗೆ ಮುಗಿದ ಮೇಲೆ, ಅತ್ಯುತ್ತಮವಾಗಿ ಸುಧಾರಿಸಿದ ಹಳೆಯ ಗಾಡಿಗೆಂದು ಒಂದು ಬೆಳ್ಳಿಯ ಬಟ್ಟಲನ್ನು ಬಹುಮಾನವಾಗಿ ಕೊಟ್ಟರು. ಅದನ್ನು ಗೆದ್ದದ್ದು 1984ರ ಒಂದು ಯೆಜ್ಡಿ ರೋಡ್‌ಕಿಂಗ್. ಅದರ ಮುಂದಿನ ಫೋರ್ಕನ್ನು ಕಿತ್ತು, ಹೊಸ ಸ್ಪೋರ್ಟ್ಸ್ ಬೈಕೊಂದರ ಚಿನ್ನದ ಬಣ್ಣದ ತಲೆಕೆಳಗಾದ ಫೋರ್ಕು, 17 ಇಂಚಿನ ಚಕ್ರ ಹಾಗೂ ಡಿಸ್ಕ್ ಬ್ರೇಕನ್ನು ಕೂಡಿಸಲಾಗಿತ್ತು. ಆ ಗಾಡಿ ಒಂದು ಕಾಲಕ್ಕೆ ನಮ್ಮ ತಂದೆಯವರದು. ಬಟ್ಟಲು ಪಡೆದವನು ನನ್ನ ಅಕ್ಕನ ಮಗ. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಆ ಚಪ್ಪಾಳೆಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಸಲುವಾಗಿ ಈ ನಾಲ್ಕು ಮಾತು.

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೋಟಾರ್ ಸೈಕಲ್ ತಯಾರಿಕೆಗೆ ತೊಡಗಿತು, 1996ರಲ್ಲಿ ಮುಚ್ಚಿಹೋಯಿತು. ಈ ನಡುವೆ ಅಲ್ಲಿಂದ ಹೊರಟ ಗಾಡಿಗಳು ದೇಶದ ಮೂಲೆಮೂಲೆಗೂ ತಲುಪಿದವು. ಕಿಕ್ಕರನ್ನೇ ಮಡಚಿ ಗೇರು ಹಾಕುವ ಆ ಗಾಡಿಯ ಟ್ಯಾಂಕಿನ ಮೇಲೆ ಕೂತು ಹುಬ್ಬಳ್ಳಿಯ ಬೀದಿಗಳನ್ನು ನೋಡುತ್ತ ಬೆಳೆದವನು ನಾನು. ಹೀಗೆಂದ ಮಾತ್ರಕ್ಕೆ, ಹಳೆಯದೆಲ್ಲ ಪೂಜ್ಯ, ಅದರ ಒಂದು ತಿರುಪನ್ನೂ ಮುಟ್ಟಬಾರದು ಎಂದು ವಾದಿಸುವವರ ಗುಂಪಿಗೆ ನನ್ನನ್ನು ದಯವಿಟ್ಟು ಸೇರಿಸಬೇಡಿ. ಸುಧಾರಣೆ ಬೇಕು. ಆದರೆ ಯಾವುದನ್ನು ಸುಧಾರಣೆ ಎನ್ನಬೇಕು ಎಂಬುದೇ ಇಲ್ಲಿಯ ಪ್ರಶ್ನೆ.

ಅಳಿಯನ ವಾದವನ್ನು ಮೊದಲು ಹೇಳಿಬಿಡುತ್ತೇನೆ. "ಮಾಮಾ, ಹಳೇ ಡ್ರಮ್ ಬ್ರೇಕ್ ಹಿಡದ್ರ ಗಾಡಿ ಮುಂದಿನ ಚೌಕಕ್ಕ ಹೋಗಿ ನಿಲ್ಲತದ. ಫೋರ್ಕ್ ನೋಡಿದ್ರ ಗುಂಡ್ಯಾಗ ಪೂರಾ ಕೂತುಬಿಡ್ತದ. ಈ ಟ್ರಾಫಿಕ್ಕಿನ್ಯಾಗ ಅದನ್ನ ಹ್ಯಾಂಗ ಹೊಡೀಬೇಕ್ರಿ?" ಈ ಮಾತಿನಲ್ಲಿ ಸುಳ್ಳಿಲ್ಲ. ಪುಣೆಯ ರಸ್ತೆಯಲ್ಲಿ ದಿನವೂ ಗಾಡಿ ಓಡಿಸುವ ನನಗೆ ಅದು ಗೊತ್ತು. ತಲೆಕೆಳಗಾದ ಫೋರ್ಕು ಒಳ್ಳೆಯ ವಸ್ತು ಎಂಬುದನ್ನೂ ಒಪ್ಪುತ್ತೇನೆ. ಬ್ರೇಕು ಹಿಡಿದಾಗ ಬಾಗಿಸುವ ಬಲ ಹೆಚ್ಚು ಬೀಳುವುದು ಕೆಳಗಿನ ಬ್ರಾಕೆಟ್ಟಿನ ಬಳಿ. ದಪ್ಪ ಕೊಳವೆಯನ್ನು ಮೇಲಕ್ಕೆ ತಂದರೆ ಆ ಬಲವನ್ನು ಅದು ಸಮರ್ಥವಾಗಿ ತಡೆಯುತ್ತದೆ.

ಆದರೆ ಒಳ್ಳೆಯ ವಸ್ತುವೆಲ್ಲ ಎಲ್ಲ ಕಡೆಗೂ ಒಳ್ಳೆಯದಾಗುವುದಿಲ್ಲ. ಒಂದಿಷ್ಟು ಲೆಕ್ಕ ನೋಡೋಣ, ಬಿ.ಎಸ್ಸಿ. ಓದಿದವನ ಹಳೆಯ ಚಟ, ಓದುಗರು ಕ್ಷಮಿಸಬೇಕು.

ಗಾಡಿಯ ಹ್ಯಾಂಡಲ್ ತಿರುಗುವ ಅಕ್ಷ ನೆಟ್ಟಗಿರುವುದಿಲ್ಲ, ಹಿಂದಕ್ಕೆ ಓರೆಯಾಗಿರುತ್ತದೆ. ಆ ಅಕ್ಷವನ್ನು ನೆಲದವರೆಗೆ ಎಳೆದರೆ ಅದು ಮುಟ್ಟುವ ಬಿಂದುವಿಗೂ ಚಕ್ರ ನೆಲವನ್ನು ಮುಟ್ಟುವ ಬಿಂದುವಿಗೂ ಇರುವ ಅಂತರಕ್ಕೆ ಟ್ರೇಲ್ ಎನ್ನುತ್ತಾರೆ. ಗಾಡಿ ನೇರವಾಗಿ ಓಡಲು ಇದೇ ಆಧಾರ. ಉದಾಹರಣೆಗೆ, ಚಕ್ರದ ತ್ರಿಜ್ಯ 300 ಮಿ.ಮೀ., ಓರೆ 27 ಡಿಗ್ರಿ, ಅಕ್ಷದಿಂದ ಫೋರ್ಕು ಮುಂದಕ್ಕಿರುವ ದೂರ 50 ಮಿ.ಮೀ. ಇದ್ದರೆ ಟ್ರೇಲ್ ಸುಮಾರು 97 ಮಿ.ಮೀ. ಆಗುತ್ತದೆ. ಈಗ ಗಿಡ್ಡ ಫೋರ್ಕು ಹಾಕಿದಿರಿ, ಗಾಡಿಯ ಮೂತಿ 45 ಮಿ.ಮೀ. ತಗ್ಗಿತು ಎಂದುಕೊಳ್ಳಿ. ಎರಡು ಚಕ್ರಗಳ ನಡುವೆ 1,300 ಮಿ.ಮೀ. ಅಂತರವಿದ್ದರೆ ಓರೆ 2 ಡಿಗ್ರಿ ಕಡಿಮೆಯಾಗುತ್ತದೆ, ಟ್ರೇಲ್ 85ಕ್ಕೆ ಇಳಿಯುತ್ತದೆ, ಹ್ಯಾಂಡಲ್ ಚಂಚಲವಾಗುತ್ತದೆ. ಫೋರ್ಕಿನ ಜೊತೆಗೆ ಸ್ಪೋರ್ಟ್ಸ್ ಬೈಕಿನ ಬ್ರಾಕೆಟ್ಟನ್ನೂ ತಂದು, ಆ 50 ಮಿ.ಮೀ. 30 ಆಯಿತೆನ್ನಿ, ಟ್ರೇಲ್ 107ಕ್ಕೆ ಏರುತ್ತದೆ, ಹ್ಯಾಂಡಲ್ ಭಾರವಾಗುತ್ತದೆ. ಚಕ್ರ ಚಿಕ್ಕದಾದರೆ ಮತ್ತೆ ಬೇರೆ ಲೆಕ್ಕ. ಅಳಿಯನ ಗಾಡಿಯಲ್ಲಿ ಇವುಗಳಲ್ಲಿ ಯಾವುದು ಎಷ್ಟಾಯಿತು? ಕೆಲಸ ಮಾಡಿದ ಮೇಸ್ತ್ರಿಗೆ ಗೊತ್ತಿರಲಿಲ್ಲ, ಅಳಿಯನಿಗೆ ಗೊತ್ತಿರಲಿಲ್ಲ, ಬಟ್ಟಲು ಕೊಟ್ಟ ನಮಗಂತೂ ಕೇಳಬೇಕೆಂದೇ ತೋಚಲಿಲ್ಲ. ಲೇತಿನಲ್ಲಿ ಸ್ಟೆಮ್ ಕಡೆದು, ಕೋನ್ ಸೆಟ್ಟಿಗೆ ಕೂತಿತು ಎಂದಾಕ್ಷಣ ಕೆಲಸ ಮುಗಿದಿತ್ತು.

ಸ್ಪ್ರಿಂಗಿನ ಕಥೆ ಇನ್ನೊಂದು. ಸ್ಪೋರ್ಟ್ಸ್ ಬೈಕಿನ ಸವಾರ ಮುಂದಕ್ಕೆ ಬಗ್ಗಿ, ತನ್ನ ಭಾರವನ್ನು ಮುಂಚಕ್ರದ ಮೇಲೆ ಹಾಕಿ ಕೂಡುತ್ತಾನೆ. ಅದರ ಸ್ಪ್ರಿಂಗು ಆ ಭಾರಕ್ಕೆ, ಆ ವೇಗಕ್ಕೆ ತಕ್ಕಂತೆ ಗಡುಸು. ಯೆಜ್ಡಿಯ ಮೇಲೆ ನಾವು ಕುರ್ಚಿಯಲ್ಲಿ ಕೂತಂತೆ ನೆಟ್ಟಗೆ ಕೂಡುವವರು. ಸವಾರ ಹತ್ತಿ ಕೂತಾಗ ಫೋರ್ಕು ತನ್ನ ಒಟ್ಟು ಓಟದ ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಇಳಿಯಬೇಕು. ಓಟ 120 ಮಿ.ಮೀ. ಇದ್ದರೆ 30ರಿಂದ 40 ಮಿ.ಮೀ. ಅಳಿಯನ ಗಾಡಿಯಲ್ಲಿ ನಾನು ಆಮೇಲೆ ಅಳೆದಾಗ ಅದು 12 ಮಿ.ಮೀ. ಇಳಿಯಿತು. ಹೀಗಾದರೆ ಗುಂಡಿ ಬಂದಾಗ ಚಕ್ರ ಅದರೊಳಗೆ ಇಳಿದು ಹತ್ತುವುದಿಲ್ಲ, ಮೇಲೆ ಪುಟಿಯುತ್ತದೆ.

ಆಮೇಲೆ ಎಂದೆನಲ್ಲ, ಅದನ್ನೂ ಹೇಳಬೇಕು. ಜನವರಿಯಲ್ಲಿ ಸಂಕ್ರಾಂತಿಗೆಂದು ಹುಡುಗ ಅದೇ ಗಾಡಿಯಲ್ಲಿ ಹುಬ್ಬಳ್ಳಿಗೆ ಹೊರಟ. ಸಾತಾರಾ ರಸ್ತೆಯ ಖಂಬಾಟಕಿ ಘಾಟಿನಲ್ಲಿ ಒಂದು ಕಡೆ ಡಾಂಬರು ಕಿತ್ತುಹೋಗಿತ್ತು. ಬ್ರೇಕು ಹಿಡಿದ. ಮುಂಚಕ್ರ ಗುಂಡಿಯ ಅಂಚಿಗೆ ತಾಗಿ ನೆಲ ಬಿಟ್ಟಿತು. ಆ ಕ್ಷಣದಲ್ಲಿ ಡಿಸ್ಕು ಅದನ್ನು ಬಿಗಿಹಿಡಿದುಬಿಟ್ಟಿತು. ತಿರುಗದ ಚಕ್ರ ಮರಳಿ ನೆಲಕ್ಕೆ ಬಂದರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ. ಕೊರಳೆಲುಬು ಮುರಿಯಿತು. ಹಿಂದೆ ಬರುತ್ತಿದ್ದ ಲಾರಿಯ ಚಾಲಕ ಎಚ್ಚರವಾಗಿದ್ದ. ಆ ಪುಣ್ಯಾತ್ಮನಿಂದ ನಮ್ಮ ಅಕ್ಕನಿಗೆ ಮಗ ಉಳಿದ. ಆಸ್ಪತ್ರೆಯ ಪಡಸಾಲೆಯಲ್ಲಿ ಅಕ್ಕ ನನ್ನನ್ನು ಕೇಳಿದ್ದು ಒಂದೇ ಮಾತು: "ನೀ ಇದನ್ನೆಲ್ಲಾ ಓದಿದಾಂವ ಇದ್ದಿ. ಅವಾಗ್ಯಾಕ ಸುಮ್ಮನಿದ್ದಿ?" ನನ್ನಲ್ಲಿ ಉತ್ತರವಿರಲಿಲ್ಲ.

ಹಳೆಯ ಚೌಕಟ್ಟಿನ ಬಗ್ಗೆಯೂ ಯೋಚಿಸಿ. ಯೆಜ್ಡಿಯ ಹ್ಯಾಂಡಲ್ ಕುತ್ತಿಗೆಯನ್ನು ಬೆಸೆದವರು ಡ್ರಮ್ ಬ್ರೇಕಿನ ಬಲವನ್ನು ಎಣಿಸಿ ಬೆಸೆದರು. ನಾಲ್ಕು ದಶಕ ಕಳೆದ ಆ ಬೆಸುಗೆಯ ಮೇಲೆ ಹೊಸ ಡಿಸ್ಕಿನ ಸೆಳೆತವನ್ನು ಹೇರುವಾಗ ಅದನ್ನು ಪರೀಕ್ಷಿಸಿದವರು ಯಾರು? ಅಲ್ಲದೆ, ಅಗ್ಗಕ್ಕೆ ಸಿಗುವ ಸ್ಪೋರ್ಟ್ಸ್ ಬೈಕಿನ ಫೋರ್ಕು ಗುಜರಿಗೆ ಬಂದದ್ದಾದರೂ ಹೇಗೆ? ಅನೇಕ ಸಲ ಇನ್ನೊಂದು ಅಪಘಾತದಿಂದ. ಕೊಳವೆಯನ್ನು ದಪ್ಪ ಗಾಜಿನ ಮೇಲೆ ಉರುಳಿಸಿದರೆ ಸೊಟ್ಟ ತಿಳಿಯುತ್ತದೆ. ಅಷ್ಟನ್ನಾದರೂ ಮಾಡುವವರು ಎಷ್ಟು ಜನ?

ಕಾನೂನನ್ನು ನೆನಪಿಸುವುದು ಗುಮಾಸ್ತನ ಧರ್ಮ. ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ನೋಂದಣಿ ಪತ್ರದ ವಿವರಗಳು ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು. ಇಂಥದ್ದಕ್ಕೆ ನಾವು ಸಂಘದ ಹೆಸರಿನಲ್ಲಿ, ತಾಯಿ ಭುವನೇಶ್ವರಿಯ ಚಿತ್ರದ ಮುಂದೆ, ಬೆಳ್ಳಿಯ ಬಟ್ಟಲು ಕೊಟ್ಟೆವು.

ಹಾಗಾದರೆ ಹಳೆಯ ಗಾಡಿ ಕುಂಟುತ್ತಲೇ ಇರಬೇಕೇ? ಬೇಡ. ಅಳಿಯ ಫೋರ್ಕು ಬದಲಿಸಲು ಕೊಟ್ಟದ್ದು 38,000 ರೂಪಾಯಿ. ಅವನು ಮನೆಗೆ ಬಂದ ಮೇಲೆ ಅಟ್ಟದ ಮೇಲಿದ್ದ ಮೂಲ ಫೋರ್ಕನ್ನು ಇಳಿಸಿದೆವು. ಹೊಸ ಸ್ಪ್ರಿಂಗು, ಹೊಸ ಆಯಿಲ್ ಸೀಲು, ಎರಡೂ ಕಾಲಿಗೆ ಅಳೆದು ಹಾಕಿದ ಎಣ್ಣೆ, ಹೊಸ ಕೋನ್ ಸೆಟ್ಟು, ಸ್ವಿಂಗ್ ಆರ್ಮಿನ ಬುಶ್ಶು, ಹಿಂದಿನ ಶಾಕ್ ಅಬ್ಸಾರ್ಬರುಗಳು, ಡ್ರಮ್ಮನ್ನು ಕಡೆಯಿಸಿ ಹೊಸ ಬ್ರೇಕ್ ಶೂ: ಒಟ್ಟು 9,400 ರೂಪಾಯಿ. ಗುಂಡಿಯಲ್ಲಿ ಪೂರಾ ಕೂತುಬಿಡುತ್ತಿದ್ದ ಫೋರ್ಕಿನ ದೋಷವೆಲ್ಲ ಸೋತ ಸ್ಪ್ರಿಂಗಿನದು, ಸೋರಿಹೋದ ಎಣ್ಣೆಯದು. ಗಾಡಿ ಹೊಸ ಬೈಕಿನಂತೆ ಥಟ್ಟನೆ ನಿಲ್ಲುವುದಿಲ್ಲ, ನಿಜ. ಆದರೆ ಎಲ್ಲಿ ನಿಲ್ಲುತ್ತದೆಂದು ಸವಾರನಿಗೆ ಗೊತ್ತಿರುತ್ತದೆ, ಅದಕ್ಕೆ ತಕ್ಕ ವೇಗದಲ್ಲಿ ಹೋಗುತ್ತಾನೆ. ಅಷ್ಟು ಸಾಲದು, ಥಟ್ಟನೆಯೇ ನಿಲ್ಲಬೇಕೆನ್ನುವವರು ಮೊದಲಿನಿಂದ ಕೊನೆಯವರೆಗೆ ಹಾಗೆಂದೇ ತಯಾರಾದ ಹೊಸ ಗಾಡಿಯನ್ನು ಕೊಳ್ಳಲಿ; ಅದರಲ್ಲಿ ಯಾವ ಅವಮಾನವೂ ಇಲ್ಲ.

ನಮ್ಮ ಹುಡುಗರ ತಪ್ಪಿಗಿಂತ ನಮ್ಮ ತಪ್ಪು ದೊಡ್ಡದು. ಥಳಥಳಿಸುವುದನ್ನು ಕಂಡು ನಾವು ಅಂಕ ಹಾಕಿದೆವು. ಅವರು ಅದನ್ನೇ ಕಲಿತರು. ಕಾರ್ಯಕಾರಿ ಸಮಿತಿಯ ಮುಂದೆ ನನ್ನ ಬೇಡಿಕೆ ಇಷ್ಟೆ. ಬರುವ ನವೆಂಬರಿನಲ್ಲಿ ಮೆರವಣಿಗೆ ನಡೆಯಲಿ, ಬಹುಮಾನವೂ ಇರಲಿ. ಅದನ್ನು ಅತ್ಯುತ್ತಮವಾಗಿ ಕಾಪಾಡಿದ ಗಾಡಿಗೆ ಕೊಡಿ. ಬ್ರೇಕು, ಟೈರು, ಕೋನ್ ಸೆಟ್ಟು, ಕಾಗದಪತ್ರ ನೋಡಿ ಅಂಕ ಹಾಕಿ. ನೋಡಲು ಬೇರೆ ಯಾರೂ ಸಿಗದಿದ್ದರೆ ಆ ಭಾನುವಾರ ನಾನೇ ಬಂದು ನೋಡುತ್ತೇನೆ. ಹಿಂದಿನ ಬಟ್ಟಲನ್ನು ಅಳಿಯ ತಾನಾಗಿಯೇ ನನ್ನ ಕೈಗೆ ಕೊಟ್ಟಿದ್ದಾನೆ. ಮುಂದಿನ ಸಭೆಗೆ ತರುತ್ತೇನೆ.