ಹಿತ್ತಿಲಿನ ಮಿಲ್ಲಿಂಗ್ ಯಂತ್ರ

ಹೊಸೂರು ಸೀಮೆಯ ಕನ್ನಡ ಮನೆಗಳಿಗೆ ಯಂತ್ರದ ಮಾತು ಹೊಸದಲ್ಲ. 1970ರ ದಶಕದಲ್ಲಿ ಸಿಪ್ಕಾಟ್ ಇಲ್ಲಿ ಕೈಗಾರಿಕಾ ಪ್ರದೇಶವನ್ನು ತೆರೆದ ತರುವಾಯ ರಾಗಿಯ ಹೊಲಗಳ ಪಕ್ಕದಲ್ಲಿಯೇ ಅಶೋಕ್ ಲೇಲ್ಯಾಂಡ್, ಟಿ.ವಿ.ಎಸ್., ಟೈಟನ್ ಮೊದಲಾದ ಕಾರ್ಖಾನೆಗಳು ಎದ್ದವು. ಅವುಗಳ ನೆರಳಿನಲ್ಲಿ ಬಿಡಿಭಾಗ ಮಾಡುವ ಸಣ್ಣ ಶೆಡ್ಡುಗಳೂ ಹುಟ್ಟಿಕೊಂಡವು. ಅಲ್ಲಿ ದುಡಿದು ನಿವೃತ್ತನಾದವನ ಕೈ ಸುಮ್ಮನೆ ಕೂಡಲೊಲ್ಲದು. ಮೊದಲು ಹಿತ್ತಿಲಿಗೆ ಒಂದು ಲೇತ್ ಬರುತ್ತದೆ. ಅದರ ಹಿಂದೆಯೇ ಮಿಲ್ಲಿಂಗ್ ಯಂತ್ರದ ಆಸೆ ಬರುತ್ತದೆ.

ಲೇತಿನಲ್ಲಿ ತಿರುಗುವುದು ಲೋಹದ ತುಂಡು. ಮಿಲ್ಲಿಂಗಿನಲ್ಲಿ ತಿರುಗುವುದು ಹಲ್ಲುಗಳುಳ್ಳ ಕಟರು. ವ್ಯತ್ಯಾಸ ಇಷ್ಟೇ ಎಂದು ನಂಬಿ ಕೈ ಹಾಕಿದವರಲ್ಲಿ ನಾವೂ ಒಬ್ಬರು. ಕಾರ್ಖಾನೆಯಲ್ಲಾದರೆ ಹೊಸಬನ ಬೆನ್ನ ಹಿಂದೆ ಮೇಸ್ತ್ರಿ ನಿಂತಿರುತ್ತಾನೆ. ಹಿತ್ತಿಲಿನಲ್ಲಿ ನಿಲ್ಲುವವರು ಯಾರು? ಹೆಚ್ಚೆಂದರೆ, ಕಾಫಿ ಆರಿಹೋಯಿತೆಂದು ಹೇಳಲು ಬಂದ ಮನೆಯಾಕೆ.

ಆದುದರಿಂದ ಉಡುಪಿನಿಂದಲೇ ಆರಂಭಿಸೋಣ. ಮನೆಯೆಂಬ ಸಲಿಗೆಯಿಂದ ಪಂಚೆಯುಟ್ಟು, ಹೆಗಲಿಗೆ ಟವೆಲ್ ಹಾಕಿಕೊಂಡು ಯಂತ್ರದೆದುರು ನಿಲ್ಲುವುದು ಸಲ್ಲದು. ಕೈಚೀಲ ಧರಿಸುವುದು ಇನ್ನೂ ಅಪಾಯ. ತಿರುಗುವ ಕಟರು ಮೊದಲು ಬಟ್ಟೆಯನ್ನು, ಅದರ ಜೊತೆಗೆ ಬೆರಳನ್ನು ಎಳೆದುಕೊಳ್ಳುತ್ತದೆ. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಲೋಹದ ಚೂರುಗಳನ್ನು ಯಂತ್ರ ನಿಂತ ಮೇಲೆ, ಅದೂ ಕುಂಚದಿಂದ, ಗುಡಿಸಬೇಕು. ನಮ್ಮ ಮನೆಯ ಹುಡುಗರಿಗೆ ನಾವು ಮೊದಲ ದಿನ ಯಂತ್ರವನ್ನು ಮುಟ್ಟಗೊಡದೆ ಇದಿಷ್ಟನ್ನೇ ಹೇಳಿದೆವು. ಅವರಿಗೆ ಬೇಸರವಾಯಿತು, ಆಗಲಿ.

ಇನ್ನು ನಿಜವಾದ ಪಾಠ. ಮೇಜನ್ನು ನಡೆಸುವ ತಿರುಪಿಗೂ ಅದರ ನಟ್ಟಿಗೂ ನಡುವೆ ಸ್ವಲ್ಪ ಸಡಿಲವಿರುತ್ತದೆ. ಸವೆದ ಹಳೆಯ ಯಂತ್ರದಲ್ಲಿ ಅದು ಅರ್ಧ ಮಿಲಿಮೀಟರಾದರೂ ಅಚ್ಚರಿಯಿಲ್ಲ. ಕಟರಿನ ಹಲ್ಲು ಲೋಹವನ್ನು ಕಡಿಯುವೆಡೆಯಲ್ಲಿ ಮೇಜಿನ ನಡೆಗೆ ಎದುರಾಗಿ ಚಲಿಸುತ್ತಿದ್ದರೆ, ಅದರ ಒತ್ತಡ ಸಡಿಲವನ್ನು ಒಂದೇ ಕಡೆಗೆ ತಳ್ಳಿ ಹಿಡಿದಿರುತ್ತದೆ. ಹಲ್ಲೂ ಮೇಜೂ ಒಂದೇ ದಿಕ್ಕಿಗೆ ಚಲಿಸಿದರೆ ಕಟರು ಮೇಜನ್ನೇ ತನ್ನತ್ತ ಎಳೆದುಕೊಳ್ಳುತ್ತದೆ. ಸಡಿಲವಿದ್ದಷ್ಟೂ ಮೇಜು ಹಾರುತ್ತದೆ, ಒಂದೊಂದು ಹಲ್ಲಿಗೂ ತಾಳಲಾರದಷ್ಟು ಲೋಹ ಸಿಗುತ್ತದೆ. ಈ ಎರಡನೆಯ ಬಗೆಯಲ್ಲಿ ಮೈ ನುಣುಪಾಗಿ ಬರುವುದೆಂಬುದು ನಿಜ. ಆ ನುಣುಪಿನ ಆಸೆಗೆ ಬಿದ್ದು ನಾವು 10 ಮಿ.ಮೀ. ಕಟರೊಂದನ್ನು ಮುರಿದುಕೊಂಡೆವು. ತುಂಡು ಹೋಗಿ ಬಡಿದ ಗುರುತು ಗೋಡೆಯ ಮೇಲೆ ಇಂದಿಗೂ ಇದೆ. ನಮ್ಮ ಕಿವಿಯ ಮಟ್ಟಕ್ಕೆ ಸರಿಯಾಗಿ.

ಅಳತೆಯಲ್ಲಿಯೂ ಈ ಸಡಿಲವೇ ಶತ್ರು. ಕೈಚಕ್ರವನ್ನು ಗುರುತು ದಾಟಿಸಿಬಿಟ್ಟರೆ ಗುರುತಿಗೆ ಹಿಂದಿರುಗಿಸಿ ನಿಲ್ಲಿಸಿದರೆ ಸಾಲದು. ಇನ್ನೂ ಅರ್ಧ ಸುತ್ತು ಹಿಂದೆ ಹೋಗಿ, ಮೊದಲು ಬಂದ ದಿಕ್ಕಿನಿಂದಲೇ ಮತ್ತೆ ಬರಬೇಕು.

ವೇಗದ ಲೆಕ್ಕ ಸುಲಭ. ಹೈಸ್ಪೀಡ್ ಸ್ಟೀಲಿನ ಕಟರಿಗೆ ಮೆದು ಉಕ್ಕಿನ ಮೇಲೆ ನಿಮಿಷಕ್ಕೆ 25 ಮೀಟರ್ ಎಂದು ಹಿಡಿದರೆ, 10 ಮಿ.ಮೀ. ಕಟರು ಸುಮಾರು 800 ಸುತ್ತು, 20 ಮಿ.ಮೀ. ಕಟರು 400 ಸುತ್ತು ತಿರುಗಬೇಕು.

ಹಲ್ಲುಚಕ್ರ ಕಡಿಯುವ ದಿನ ಬಂದಾಗಲೇ ಈ ವಿದ್ಯೆಯ ಸೊಗಸು ತಿಳಿಯುವುದು. 1862ರಲ್ಲಿ ಅಮೆರಿಕದ ಜೋಸೆಫ್ ಬ್ರೌನ್ ತನ್ನ ಯೂನಿವರ್ಸಲ್ ಮಿಲ್ಲಿಂಗ್ ಯಂತ್ರವನ್ನು ರಚಿಸಿದ್ದು, ಅದುವರೆಗೆ ಕೈಯಲ್ಲಿ ಅರ ಹಿಡಿದು ಉಜ್ಜುತ್ತಿದ್ದ ಡ್ರಿಲ್ಲುಗಳ ಸುರುಳಿ ಗಾಡಿಗಳನ್ನು ಯಂತ್ರದಿಂದ ಕಡಿಯಲೆಂದು. ಅದರ ಜೊತೆಗಾರ ಡಿವೈಡಿಂಗ್ ಹೆಡ್. ಇದರ ಹಿಡಿಕೆಯನ್ನು 40 ಸುತ್ತು ತಿರುಗಿಸಿದರೆ ತುಂಡು ಒಂದು ಸುತ್ತು ತಿರುಗುತ್ತದೆ. 24 ಹಲ್ಲು ಬೇಕಾದರೆ 40ನ್ನು 24ರಿಂದ ಭಾಗಿಸಬೇಕು: ಒಂದು ಪೂರ್ಣ ಸುತ್ತು, ಮೇಲೆ ಮೂರರಲ್ಲಿ ಎರಡು ಪಾಲು, ಎಂದರೆ 15 ತೂತುಗಳ ವೃತ್ತದಲ್ಲಿ 10 ತೂತುಗಳಷ್ಟು ದೂರ.

ಬಹುಮಂದಿ ಎಡವುವುದು ಇಲ್ಲಿಯೇ. ಮೊಳೆ ಈಗ ಕುಳಿತಿರುವ ತೂತನ್ನೂ ಸೇರಿಸಿ ಹತ್ತು ಎಣಿಸುತ್ತಾರೆ. ನಮ್ಮ ಹಳೆಯ ಮನೆಗಳಲ್ಲಿ ಕಂಬಗಳನ್ನೆಣಿಸಿ ಅಂಕಣವೆಷ್ಟೆಂದು ಹೇಳಿದರೆ ತಪ್ಪಾಗುವಂತೆಯೇ ಇದು: ಸಾಲಿನಲ್ಲಿ ಹನ್ನೊಂದು ಕಂಬವಿದ್ದರೆ ಹತ್ತೇ ಅಂಕಣ. ಇಂಗ್ಲಿಷ್ ಪುಸ್ತಕದ ಎರಡು ಪುಟಗಳಿಂದ ತಲೆಗೆ ಹತ್ತದಿದ್ದುದು ಈ ಕಂಬ ಅಂಕಣಗಳ ಮಾತಿನಿಂದ ಹುಡುಗರಿಗೆ ತಟ್ಟನೆ ಹೊಳೆಯಿತು. ಒಂದು ತೂತು ತಪ್ಪಿದರೆ ಪ್ರತಿ ಸಲವೂ ಹಿಡಿಕೆ 1.6 ಸುತ್ತು ಮಾತ್ರ ತಿರುಗುತ್ತದೆ, 40ನ್ನು 1.6ರಿಂದ ಭಾಗಿಸಿದರೆ 25. ಎಂದರೆ ನೋಟಕ್ಕೆ ಎಲ್ಲಿಯೂ ಕುಂದಿಲ್ಲದ, ಒಂದು ಹಲ್ಲು ಹೆಚ್ಚಾದ ಚಕ್ರ ಸಿದ್ಧವಾಗುತ್ತದೆ! ಜೋಡಿಸಲು ಹೋದಾಗಲೇ ಅದು ನಿಷ್ಪ್ರಯೋಜಕವೆಂದು ತಿಳಿಯುವುದು.

ಅದಕ್ಕಾಗಿ ನಾವು ಮೊದಲು ಕಟರನ್ನು ಲೋಹಕ್ಕೆ ಸೋಕುವಷ್ಟೇ ಇಳಿಸಿ, ಒಂದು ಸುತ್ತು ಬರಿಯ ಗೀರು ಹಾಕಿ ಎಣಿಸುತ್ತೇವೆ. ಇಪ್ಪತ್ನಾಲ್ಕು ಗೀರುಗಳಾದ ಮೇಲೆ ಮುಂದಿನದು ಮೊದಲ ಗೀರಿನ ಮೇಲೆಯೇ ಬಂದು ಕುಳಿತರೆ, ಆಗ ಆಳಕ್ಕೆ ಇಳಿಸುತ್ತೇವೆ.