ಸಂದು ಸಡಿಲಿದಾಗ

ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ನನ್ನ ಪುಸ್ತಕಗಳೆಲ್ಲ ಪಿಕಪ್ ಗಾಡಿಯೊಂದನ್ನೇರಿ ದೊಡ್ಡಬಳ್ಳಾಪುರದಿಂದ ಯಲಹಂಕಕ್ಕೆ ಹೊರಟಿದ್ದವು. ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳು ಕಾಣುವ ಹೊತ್ತಿಗೆ, ಗೇರು ಬದಲಿಸಿದಾಗಲೆಲ್ಲ ಅಡಿಯಿಂದ ‘ಟಣ್’ ಎಂಬ ಸದ್ದು; ವೇಗವೇರಿದರೆ ನಡುಕ. “ಹೇಗೋ ತಲುಪಿಬಿಡೋಣ ಸಾರ್” ಎಂದ ಚಾಲಕ. ನನಗೂ ಅದೇ ಹಿತವೆನಿಸಿತ್ತು.

ರಸ್ತೆಬದಿಯ ಮೇಸ್ತ್ರಿ ಒಪ್ಪಲಿಲ್ಲ. ಚಕ್ರಗಳಿಗೆ ಕಲ್ಲು ಕೊಟ್ಟು, ಅಡಿಗೆ ನುಸುಳಿ, ಪ್ರೊಪೆಲ್ಲರ್ ಶಾಫ್ಟನ್ನು ಕೈಯಿಂದ ತಿರುಚಿದ. “ಕ್ರಾಸ್ ಹೋಗಿದೆ. ಮುಂದಿನ ತುದಿ ಕಳಚಿ ರಸ್ತೆಗೆ ನಾಟಿದರೆ ಗಾಡಿಯೇ ಮಗುಚೀತು!” ಗ್ರೀಸು ಕಾಣದ ಸೂಜಿ ಬೇರಿಂಗುಗಳು ತುಕ್ಕಿನ ಪುಡಿಯಾಗಿದ್ದವು.

ಬಿಚ್ಚುವ ಮುನ್ನ ಗುರುತೆಳೆಯಲು ಅವನಿಗೊಂದು ಸೀಮೆಸುಣ್ಣ ಬೇಕಾಯಿತು. ಅದು ನನ್ನ ಜೇಬಿನಲ್ಲಿಯೇ ಇತ್ತು! ಓರೆಯಾಗಿ ತಿರುಗುವ ಇಂಥ ಸಂದು ಪ್ರತಿ ಸುತ್ತಿನಲ್ಲಿಯೂ ಎರಡು ಬಾರಿ ಶಾಫ್ಟಿನ ವೇಗವನ್ನು ಏರಿಸಿ ಇಳಿಸುತ್ತದೆ. ಇಂಗ್ಲೆಂಡಿನ ರಾಬರ್ಟ್ ಹುಕ್ ೧೭ನೆಯ ಶತಮಾನದಲ್ಲಿಯೇ ಇಂಥ ಸಂದನ್ನು ವಿವರಿಸಿದ್ದ. ಎರಡೂ ತುದಿಗಳ ಕವಲುಗಳು ಒಂದೇ ನೇರದಲ್ಲಿದ್ದರೆ ಒಂದರ ಏರುಪೇರನ್ನು ಇನ್ನೊಂದು ಸರಿದೂಗಿಸೀತು. ಹಲ್ಲು ತಪ್ಪಿ ಕೂತರೆ ಹೊಸ ಕ್ರಾಸಿದ್ದರೂ ನಡುಕ ತಪ್ಪದು.

“ಕಾಲಕಾಲಕ್ಕೆ ಗ್ರೀಸು ಹೊಡೆಸಬಾರದೇನಯ್ಯ?” ಎಂದ ಮೇಸ್ತ್ರಿ. ಚಾಲಕ ಮಾತಾಡಲಿಲ್ಲ. ಗಾಡಿಯ ಸಾಲದ ಕಂತು ಅಂದೇ ಕಟ್ಟಬೇಕಿತ್ತಂತೆ. ರಿಪೇರಿಯ ಹಣವನ್ನು ನಾನೇ ಕೊಟ್ಟೆ. ಬಾಡಿಗೆಯಲ್ಲಿ ಮುರಿದುಕೊಳ್ಳಿರೆಂದು ಅವನೇ ಎರಡು ಸಲ ನೆನಪಿಸಿದ.