ಬರೆಸಿದವರು ಯಾರು?

ಮಕ್ಕಳೇ, ಬಸವ ಜಯಂತಿಗೆ ಎತ್ತು ಸಿಂಗರಿಸುವ ಚನ್ನಗಿರಿ, ನ್ಯಾಮತಿ ಕಡೆಯ ನಿಮಗೆ ಬಸವಣ್ಣನ ಪರಿಚಯ ಬೇಕಿಲ್ಲ. ಹೊನ್ನಾಳಿಯಲ್ಲಿ ತುಂಗಭದ್ರೆ ಇರುವ ಹಾಗೆ ಲಂಡನ್ನಿನಲ್ಲಿ ಥೇಮ್ಸ್ ಹೊಳೆ ಇದೆ. ಒಂದು ದಂಡೆಯಲ್ಲಿ ಬ್ರಿಟಿಷ್ ಪಾರ್ಲಿಮೆಂಟು, ಎದುರು ದಂಡೆಯ ಲ್ಯಾಂಬೆತ್‌ನಲ್ಲಿ ನಮ್ಮ ಬಸವಣ್ಣ! 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಆ ಪ್ರತಿಮೆಯನ್ನು ಅನಾವರಣ ಮಾಡಿದರು. ಅದಕ್ಕಾಗಿ ಓಡಾಡಿದವರು ಕಲಬುರಗಿಯಿಂದ ಹೋಗಿ ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಚೆಕ್ಕು ಬಂದರೆ ಮೊದಲು ಸಹಿ ನೋಡುವುದು ನಮ್ಮ ಅಭ್ಯಾಸ. ಚಿತ್ರ, ಪ್ರತಿಮೆ ಕಂಡರೂ ನನಗೆ ಅದೇ ಚಾಳಿ: ಇದನ್ನು ಮಾಡಿಸಿದವರು ಯಾರು?

ಬಸವಣ್ಣನಿಗಿಂತ ಬಹಳ ಮೊದಲೇ ಕನ್ನಡ ನಾಡಿನ ಒಂದು ಮುಖ ಅಲ್ಲಿಗೆ ಹೋಗಿತ್ತು. ಕೊಡಗಿನ ಅರಸ ಚಿಕ್ಕವೀರರಾಜೇಂದ್ರನನ್ನು ಈಸ್ಟ್ ಇಂಡಿಯಾ ಕಂಪನಿ 1834ರಲ್ಲಿ ಪಟ್ಟದಿಂದ ಇಳಿಸಿತು. ಆಮೇಲೆ ಆತನನ್ನು ಇಟ್ಟದ್ದು ಕಾಶಿಯಲ್ಲಿ. ಕಂಪನಿಯಿಂದ ತನ್ನ ಹಣ ಕೇಳಬೇಕೆಂದು 1852ರಲ್ಲಿ ಆತ ಮಗಳು ಗೌರಮ್ಮನೊಂದಿಗೆ ಇಂಗ್ಲೆಂಡಿಗೆ ಹೋದ. ಹುಡುಗಿಗೆ ಆಗ ಹನ್ನೊಂದರ ಆಸುಪಾಸು, ನಿಮ್ಮದೇ ವಯಸ್ಸು. ಅದೇ ವರ್ಷ ಅವಳಿಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆ, ರಾಣಿಯ ಹೆಸರೇ ಅವಳಿಗೂ. ವಿಂಟರ್‌ಹಾಲ್ಟರ್ ಎಂಬ ಹೆಸರಾಂತ ಕಲಾವಿದನಿಂದ ರಾಣಿ ಅವಳ ಚಿತ್ರ ಬರೆಸಿದಳು. ಅದು ಇಂದಿಗೂ ಆ ರಾಜಮನೆತನದ ಸಂಗ್ರಹದಲ್ಲಿದೆ. ಗೌರಮ್ಮ ಬೆಳೆದದ್ದು ಅಪ್ಪನ ಜೊತೆಗಲ್ಲ, ಇಂಗ್ಲಿಷರ ಆಶ್ರಯದಲ್ಲಿ. 1864ರಲ್ಲಿ, ಪುಟ್ಟ ಹೆಣ್ಣುಮಗುವನ್ನು ಬಿಟ್ಟು, ತೀರಿಕೊಂಡಳು. ಸಮಾಧಿ ಲಂಡನ್ನಿನ ಬ್ರಾಂಪ್ಟನ್‌ನಲ್ಲಿದೆ.

ಚಿತ್ರ ಚೆಂದವಾಗಿಯೇ ಇದೆ: ನಮ್ಮ ಕಡೆಯ ಉಡುಗೆ, ಒಡವೆ. ಆದರೆ ಕೊಡಗು ಕೈಬಿಟ್ಟ ಕಥೆ ಅದರಲ್ಲಿಲ್ಲ, ಅಪ್ಪನ ವ್ಯಾಜ್ಯವೂ ಇಲ್ಲ. ಬರೆಸಿದವರಿಗೆ ಅದು ಬೇಕಿರಲಿಲ್ಲ.

ಈಗ ಅಲ್ಲೇ ಬೆಳೆದ ನಮ್ಮವರ ಮಕ್ಕಳು ಕುಂಚ ಹಿಡಿದಿದ್ದಾರೆ. ಅಮೃತ್, ರಬೀಂದ್ರ ಎಂಬ ಪಂಜಾಬಿ ಮೂಲದ ಅವಳಿ ಸೋದರಿಯರಿದ್ದಾರೆ. 'ಸಿಂಗ್ ಟ್ವಿನ್ಸ್' ಎಂದೇ ಹೆಸರು. 2018ರಲ್ಲಿ ಲಿವರ್‌ಪೂಲಿನ ವಾಕರ್ ಆರ್ಟ್ ಗ್ಯಾಲರಿಯಲ್ಲಿ ಅವರು ತೋರಿಸಿದ್ದು ಭಾರತದ ಬಟ್ಟೆಯ ಕಥೆ. ಹತ್ತಿ, ನೀಲಿ ಬಣ್ಣ, ವ್ಯಾಪಾರ, ಸಾಮ್ರಾಜ್ಯ, ಗುಲಾಮಗಿರಿ, ಎಲ್ಲ ಕಿಕ್ಕಿರಿದಿರುವ ಚಿತ್ರಗಳು. ಜಗಳೂರು ಸೀಮೆಯಲ್ಲಿ ಹತ್ತಿ ಬಿಡಿಸಿದ ಕೈಗಳಿಗೆ ಆ ಲೆಕ್ಕ ಬೇಗ ತಿಳಿದೀತು.

ಒಂದು ಕೆಲಸ ಕೊಡಲೇ? ಗೌರಮ್ಮನ ಚಿತ್ರವನ್ನು ನೀವೇ ಬರೆದು ಕಳಿಸಿ. ಸುತ್ತ ಏನಿರಬೇಕೆಂಬುದು ನಿಮಗೆ ಬಿಟ್ಟದ್ದು. ನಾನಾದರೆ ಪಕ್ಕದಲ್ಲಿ ಅವಳ ಅಪ್ಪನನ್ನು ನಿಲ್ಲಿಸುತ್ತೇನೆ, ಕೈಯಲ್ಲಿ ಅರ್ಜಿ ಸಮೇತ.